ಮುತ್ಯಾನ ಎಡಗೈ

ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ನೀರುಳ್ಳಿ ಹೆಚ್ಚುತ್ತಿದ್ದೆ. ಕಣ್ಣಲ್ಲಿ ನೀರಿತ್ತು. ಅದು ನೀರುಳ್ಳಿಯದು ಮಾತ್ರ.

“ಮೇಡಂ, ಈ ಸಲ ಆಪರೇಷನ್ ಥಿಯೇಟರಿನ ಒಳಗೂ ಬರಬೇಕಾದೀತು,” ಎಂದಳು ಭಾಷಾ ಸಹಾಯದ ಡೆಸ್ಕಿನ ಹುಡುಗಿ. “ಆಗಬಹುದಾ?”

ಆಗಬಹುದು ಎಂದೆ. ಯಾಕೆ ಎಂದು ಕೇಳಲಿಲ್ಲ. ಆ ತಿಂಗಳುಗಳಲ್ಲಿ ಯಾರು ಏನು ಹೇಳಿದರೂ ಆಗಬಹುದು ಎನ್ನುತ್ತಿದ್ದೆ.

ಈ ಕೊಲ್ಲಿ ದೇಶದಲ್ಲಿ ಬನಿಯಾಸಿನ ನಮ್ಮ ಮನೆಯಿಂದ ಆ ಆಸ್ಪತ್ರೆ ದೂರವೇನಲ್ಲ. ಮುಸಫ್ಫಾದ ವರ್ಕ್‌ಶಾಪುಗಳಲ್ಲಿ ದುಡಿಯುವವರು ಹೆಚ್ಚಾಗಿ ಬರುವ ಜಾಗ. ಕನ್ನಡವೋ ತುಳುವೋ ಬಿಟ್ಟರೆ ಬೇರೆ ಮಾತು ಸರಿಯಾಗಿ ಬಾರದ ರೋಗಿ ಬಂದರೆ ನನಗೆ ಕರೆ ಬರುತ್ತದೆ. ನೋವು ಎಲ್ಲಿ, ಯಾವಾಗಿನಿಂದ, ಮಾತ್ರೆ ಊಟಕ್ಕೆ ಮೊದಲೋ ಆಮೇಲೋ, ಇಂಥ ಮಾತುಗಳನ್ನು ಆ ದಡದಿಂದ ಈ ದಡಕ್ಕೆ ದಾಟಿಸುವ ಕೆಲಸ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಇಂಗ್ಲಿಷು ಅಷ್ಟಕ್ಕೆ ಸಾಕು.

ಅದೇ ವರ್ಷ ಅಮ್ಮ ತೀರಿಕೊಂಡಿದ್ದರು. ಟಿಕೆಟ್ ಸಿಕ್ಕಿ ಊರು ಮುಟ್ಟುವಾಗ ಎಲ್ಲ ಮುಗಿದಿತ್ತು. ಮರಳಿ ಬಂದು ಸೂಟ್‌ಕೇಸ್ ಬಿಚ್ಚಿದೆ, ಬಟ್ಟೆ ಒಗೆಯಲು ಹಾಕಿದೆ, ಸಾರು ಮಾಡಿದೆ. ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂಬ ಗಾಬರಿಯೂ ಆಗಲಿಲ್ಲ. ಪಾತ್ರೆ ತೊಳೆಯುವಾಗ ಒಂದು ವಿಷಯ ಮಾತ್ರ ಆಗಾಗ ತಲೆಯಲ್ಲಿ ಬಂದು ಕೂರುತ್ತಿತ್ತು: ನನ್ನನ್ನು ಮನೆಯ ಹೆಸರಿನಿಂದ ಕರೆಯುವವರು ಇನ್ನು ಯಾರೂ ಇಲ್ಲ. ಗಂಡನಿಗೆ ನಾನು ‘ಏ, ಕೇಳ್ತದಾ’, ಮಗನಿಗೆ ‘ಮಾಮ್’, ಆಸ್ಪತ್ರೆಗೆ ‘ಮೇಡಂ’.

ಮರುದಿನ ಬೆಳಿಗ್ಗೆ ಹೋದಾಗ ಅರಿವಳಿಕೆ ಡಾಕ್ಟರರ ಕೋಣೆಯಲ್ಲಿ ಇಬ್ಬರು ಕೂತಿದ್ದರು. ಒಬ್ಬ ರೋಗಿ, ವೆಲ್ಡರ್. ಕುತ್ತಿಗೆಯ ಮೇಲೆ ಕಿಡಿ ತಾಗಿದ ಚಿಕ್ಕ ಚಿಕ್ಕ ಕಲೆಗಳು, ಬಾಚಿದ ಕೂದಲು, ಇಸ್ತ್ರಿ ಮಾಡಿದ ಶರ್ಟು. ಇನ್ನೊಬ್ಬರು ಅವನ ಫೋರ್‌ಮನ್, ನಮ್ಮ ಕರಾವಳಿಯ ಬ್ಯಾರಿ. ನನ್ನನ್ನು ಕಂಡದ್ದೇ ಎದ್ದು ನಿಂತರು.

“ನೀವು ಬಂದದ್ದು ಒಳ್ಳೇದಾಯ್ತು ಅಕ್ಕ. ಇವನ ಕನ್ನಡ ನನಗೇ ಅರ್ಧ ಗೊತ್ತಾಗುದಿಲ್ಲ, ಇನ್ನು ಆ ಮಿಸ್ರಿ ಡಾಕ್ಟರಿಗೆ ಎಂತ ಗೊತ್ತಾಗ್ಬೇಕು. ಹೇಳು ಮಾರಾಯ ಮುತ್ಯಾ, ಅಕ್ಕನ ಹತ್ರ ಹೇಳು.”

ಡಾಕ್ಟರು ಈಜಿಪ್ಟಿನವರು. ನಿಧಾನಸ್ಥರು, ಮಾತಿನ ನಡುವೆ ಪೆನ್ನಿನಿಂದ ಮೇಜಿನ ಮೇಲೆ ತಾಳ ಹಾಕುವ ಅಭ್ಯಾಸದವರು. ವಿಷಯ ಇದು: ವೆಲ್ಡರನ ಪಿತ್ತಕೋಶದಲ್ಲಿ ಕಲ್ಲು. ಮತ್ತೆ ಮತ್ತೆ ನೋವು ಬಂದು ಬೀಳುತ್ತಿದ್ದಾನೆ. ಕೀಹೋಲ್ ಆಪರೇಷನ್ ಆಗಬೇಕು, ಅದಕ್ಕೆ ಪೂರ್ತಿ ಅರಿವು ತಪ್ಪಿಸಬೇಕು, ಗಂಟಲಿನೊಳಗೆ ಉಸಿರಿನ ಕೊಳವೆ ಇಳಿಸಬೇಕು. ಆತ ಒಲ್ಲೆ ಅನ್ನುತ್ತಿದ್ದಾನೆ. ಯಾಕೆ ಎಂಬುದನ್ನು ಹಿಂದಿಯಲ್ಲಿ ಎರಡು ವಾಕ್ಯ ಹೇಳಿ ನಿಲ್ಲಿಸಿಬಿಡುತ್ತಾನೆ.

ಕನ್ನಡದಲ್ಲಿ ಆತ ನಿಲ್ಲಿಸಲಿಲ್ಲ.

“ಹಿಂದಕ ಊರಾಗ ಟ್ರಾಕ್ಟರ್ ಮಗಚಿತ್ರಿ ಅಕ್ಕಾರ. ಹೊಟ್ಟಿ ಕೊಯ್ದು ಆಪರೇಷನ್ ಮಾಡಿದ್ರು. ಭಾಳ ರಕ್ತ ಹೋಗಿತ್ತಂತ, ಔಷಧ ಹೆಚ್ಚಿಗಿ ಕೊಡಾಕ ಬರ್ತಿದ್ದಿಲ್ಲಂತ. ತಪ್ಪು ಅವರದೂ ಅಲ್ರಿ, ಜೀವ ಉಳಸಿದ್ರು. ಆದ್ರ ನನಗ ಎಚ್ಚರಾತು. ಗಂಟಲದಾಗ ಕೊಳವಿ. ಕಣ್ಣ ತೆರಿಯಾಕ ಆಗವಲ್ದು, ಬೆರಳ ಅಲ್ಲಾಡಸಾಕ ಆಗವಲ್ದು. ಒದರಾಕತ್ತೀನಿ, ದನೀನ ಇಲ್ಲ. ಅವರು ಬದನಿಕಾಯಿ ಎಣ್ಣಿಗಾಯಿ ಬಗ್ಗೆ ಮಾತಾಡಾಕತ್ತಿದ್ರು. ಯಾರ ಮನಿಯಾಗೋ ಚಲೋ ಮಾಡಿದ್ರಂತ. ಅವತ್ತಿಂದ ನಾ ಬದನಿಕಾಯಿ ಮುಟ್ಟಿಲ್ರಿ.”

ನಾನು ಇಂಗ್ಲಿಷಿಗೆ ದಾಟಿಸಿದೆ. ಬದನೆಕಾಯಿಯನ್ನೂ ಬಿಡಲಿಲ್ಲ. ಡಾಕ್ಟರರ ಪೆನ್ನು ನಿಂತಿತು.

ಅವರು ನನಗೆ ಮೊದಲು ಅರ್ಥ ಮಾಡಿಸಿದರು, ಅವನಿಗೆ ನಾನು ಮಾಡಿಸಬೇಕಲ್ಲ. ನಿದ್ದೆಯ ಔಷಧ ಬೇರೆ, ಸ್ನಾಯು ಸಡಿಲ ಮಾಡುವ ಔಷಧ ಬೇರೆ. ಕೊಳವೆ ಇಳಿಸಲು ಎರಡೂ ಬೇಕು. ಮೊದಲನೆಯದು ಸಾಲದೆ ಎರಡನೆಯದು ಮಾತ್ರ ಚೆನ್ನಾಗಿ ಹಿಡಿದರೆ ಮನುಷ್ಯ ಒಳಗೆ ಎಚ್ಚರ, ಹೊರಗೆ ಕಲ್ಲು. ನೋಡಿದವರಿಗೆ ಗಾಢ ನಿದ್ದೆ. ಅದಕ್ಕಾಗಿ ಈಗ ಹಣೆಗೆ ಒಂದು ಪಟ್ಟಿ ಅಂಟಿಸುತ್ತಾರೆ. ಅದು ಮಿದುಳಿನ ಅಲೆಗಳನ್ನು ನೋಡಿ ಒಂದು ಅಂಕಿ ತೋರಿಸುತ್ತದೆ. ಪೂರ್ತಿ ಎಚ್ಚರವಿದ್ದರೆ ನೂರರ ಹತ್ತಿರ. ನಲವತ್ತರಿಂದ ಅರುವತ್ತರ ನಡುವೆ ಇಳಿದರೆ ವೈದ್ಯರಿಗೆ ಸಮಾಧಾನ.

ನಾನು ಇದನ್ನು ಹೇಳಿ ಮುಗಿಸುವ ಮೊದಲೇ ವೆಲ್ಡರ್ ತಲೆ ಅಲ್ಲಾಡಿಸಿದ.

“ಅವತ್ತೂ ಮಷಿನ್ ಇದ್ವು, ಟೊಂಯ್ ಟೊಂಯ್ ಅಂತಿದ್ವು. ಮಷಿನ್ ಕೇಳಬ್ಯಾಡ್ರಿ, ನನ್ನ ಕೇಳ್ರಿ ಅಂತ ಹೇಳ್ರಿ ಅವರಿಗೆ.”

ಇದನ್ನೂ ದಾಟಿಸಿದೆ. ಡಾಕ್ಟರು ಎದ್ದು ಗೋಡೆಗೆ ತೂಗುಹಾಕಿದ್ದ ಬಿ.ಪಿ. ಪಟ್ಟಿಯನ್ನು ತೆಗೆದು ತಮ್ಮದೇ ಮುಂಗೈಗೆ ಸುತ್ತಿಕೊಂಡರು.

“ಅವನು ಹೇಳುವುದು ಸರಿ. ಅಂಕಿ ಸ್ವಲ್ಪ ಹಿಂದಿನ ಸುದ್ದಿಯನ್ನು ಈಗ ಹೇಳುತ್ತದೆ. ಒಮ್ಮೊಮ್ಮೆ ತಪ್ಪು ಸುದ್ದಿಯನ್ನೂ ಹೇಳುತ್ತದೆ. ಒಂದು ಹಳೆಯ ಉಪಾಯ ಇದೆ. ಸ್ನಾಯುವಿನ ಔಷಧ ಕೊಡುವ ಮೊದಲು ಹೀಗೆ ಪಟ್ಟಿ ಕಟ್ಟಿ ಬಿಗಿಯಾಗಿ ಗಾಳಿ ತುಂಬಿದರೆ, ಔಷಧ ಮೈಯೆಲ್ಲ ಹೋಗುತ್ತದೆ, ಈ ಅಂಗೈಗೆ ಹೋಗುವುದಿಲ್ಲ. ಇಡೀ ಮೈ ನನ್ನದು, ಒಂದು ಕೈ ಅವನದು. ಒಳಗೆ ಎಚ್ಚರವಿದ್ದರೆ ಕೈ ಒತ್ತಬಹುದು. ಆದರೆ ಕೇಳುವವರು ಬೇಕು. ಅರ್ಧ ನಿದ್ದೆಯಲ್ಲೂ ತಾಗುವ ಭಾಷೆಯಲ್ಲಿ ಕೇಳಬೇಕು. ನನ್ನ ಹತ್ತಿರ ಆ ಭಾಷೆ ಇಲ್ಲ, ಮೇಡಂ. ನಿಮ್ಮ ಹತ್ತಿರ ಇದೆ.”

ವೆಲ್ಡರ್ ನನ್ನನ್ನೂ ಆ ಪಟ್ಟಿಯನ್ನೂ ನೋಡಿದ. “ಎಡಗೈ ಕಟ್ಟಂತ ಹೇಳ್ರಿ,” ಎಂದ. ಒಪ್ಪಿದ ಎಂದು ಅರ್ಥ.

ಹೊರಗೆ ಬಂದಾಗ ನಾನು ಕೇಳಿದೆ, “ನಿಮ್ಮನ್ನು ಮುತ್ಯಾ ಅಂತ ಯಾಕೆ ಕರೀತಾರೆ? ನಿಮ್ಮ ಕಡೆ ಮುತ್ಯಾ ಅಂದರೆ ಅಜ್ಜ ಅಲ್ವಾ?”

ಫೋರ್‌ಮನ್ ನಕ್ಕರು. “ಇವ ನಡೆಯುದು ನೋಡಿ ಅಕ್ಕ, ಅಜ್ಜನ ಹಾಗೇ ಅಲ್ವಾ? ಹುಡುಗರು ತಮಾಷೆಗೆ ಕರೆಯುದು ಅಂತ ನಾನು ಎಣಿಸಿದ್ದು.”

“ತಮಾಷಿ ಅಲ್ರಿ,” ಎಂದ ವೆಲ್ಡರ್. “ಗುರುಲಿಂಗಪ್ಪ ಅನ್ನೂದು ನಮ್ಮ ಮುತ್ಯಾನ ಹೆಸರು. ಅದನ್ನ ನನಗ ಇಟ್ರು. ನಮ್ಮವ್ವ ಮಾವನ ಹೆಸರ ಹಿಡದು ಹ್ಯಾಂಗ ಕರೀಬೇಕ್ರಿ? ‘ಲೇ ಗುರುಲಿಂಗ’ ಅಂತ ಬೈಯಾಕೂ ಬರೂದಿಲ್ಲ. ಅದಕ್ಕ ಹುಟ್ಟಿದಾಗಿಂದ ಮುತ್ಯಾ ಅಂತಾಳ. ಬೈಯೂದಾದ್ರೂ ಮುತ್ಯಾ, ಉಣ್ಣಾಕ ಕರಿಯೂದಾದ್ರೂ ಮುತ್ಯಾ. ಗುರುಲಿಂಗಪ್ಪ ಇರೂದು ಪಾಸ್‌ಪೋರ್ಟಿನ್ಯಾಗ ಅಷ್ಟ.”

ನಾನು ಹೂಂ ಎಂದೆ. ನಮ್ಮ ಕಡೆಯೂ ಹಿರಿಯರ ಹೆಸರಿಟ್ಟ ಮಕ್ಕಳನ್ನು ಬೇರೆ ಏನಾದರೂ ಹೇಳಿ ಕರೆಯುವುದುಂಟು. ಚಂದದ ಸಂಗತಿ ಅಂತ ಅನ್ನಿಸಿತು. ಆದರೆ ಅದನ್ನು ಕೆಲಸಕ್ಕೆ ಸಂಬಂಧಿಸಿದ ಸಂಗತಿ ಎಂದುಕೊಳ್ಳಲಿಲ್ಲ.

ಮನೆಯಲ್ಲಿ ವಾಕ್ಯ ತಯಾರು ಮಾಡಿದೆ. “ಗುರುಲಿಂಗಪ್ಪ ಅವರೇ, ನನ್ನ ಮಾತು ಕೇಳಿಸುತ್ತಿದ್ದರೆ ನನ್ನ ಕೈ ಒತ್ತಿ.” ಒತ್ತಿದರೆ ಎರಡನೆಯ ಪ್ರಶ್ನೆ: “ನೋವಾಗುತ್ತಿದ್ದರೆ ಎರಡು ಸಲ ಒತ್ತಿ.” ಅಡುಗೆಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದಾಗ ನನ್ನವರು ಬಂದು ನಿಂತರು.

“ಎಂತ, ಯಾರ ಕೈ ಒತ್ತಿಸ್ತಾ ಇದ್ದೀ?”

ಹೇಳಿದೆ. ಅವರು ಫ್ರಿಜ್ಜಿನಿಂದ ಮಜ್ಜಿಗೆ ತೆಗೆದುಕೊಂಡರು. “ನನ್ನ ಕೈ ಧಾರೆ ದಿವಸ ಹಿಡಿದದ್ದು. ಮತ್ತೆ ಹಿಡಿದದ್ದು ನನಗೆ ನೆನಪಿಲ್ಲ.” ನಗಲಿ ಎಂದು ಹೇಳಿದ ಮಾತು. ನಗಬೇಕು ಎಂದು ನನಗೂ ಗೊತ್ತಾಯಿತು. ಗೊತ್ತಾದದ್ದಷ್ಟೇ. “ಕೂಲ್, ಮಾಮ್,” ಎಂದ ಮಗ ಒಳಗಿನಿಂದ.

ಆಪರೇಷನ್ನಿನ ದಿನ ಬೆಳಿಗ್ಗೆ, ಥಿಯೇಟರಿಗೆ ಹೋಗುವ ಮೊದಲು ಕಾಯುವ ಜಾಗದಲ್ಲಿ ಆತ ಹಸಿರು ಗೌನು ಹಾಕಿಕೊಂಡು ಮಂಚದ ಮೇಲೆ ಕೂತಿದ್ದ. ಮಲಯಾಳಿ ನರ್ಸ್ ಒಬ್ಬಳು ಎಲ್ಲ ಕೇಳಿ ಮುಗಿಸುತ್ತಿದ್ದಳು. ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀರಾ ಎಂದು ನನ್ನ ಮೂಲಕ ಕೇಳಿಸಿದಳು.

“ಇಲ್ರಿ. ನೀರೂ ಕುಡದಿಲ್ರಿ.”

ಹಣೆಗೆ ಆ ಪಟ್ಟಿ ಅಂಟಬೇಕಾದರೆ ಚರ್ಮ ಒಣಗಿ ಸ್ವಚ್ಛವಾಗಿರಬೇಕಂತೆ. ನರ್ಸ್ ಸ್ಪಿರಿಟ್ ಹತ್ತಿಯಿಂದ ಅವನ ಹಣೆ ಒರೆಸಿದಳು. ಹತ್ತಿ ಕೆಂಪಾಯಿತು. ಕುಂಕುಮ. ಒರೆಸಿದಷ್ಟೂ ಬಂತು, ಹೊಸ ಕುಂಕುಮ. ಕೆಲಸಗಾರರ ಕ್ಯಾಂಪಿನಲ್ಲಿ ಸ್ನಾನ ಮಾಡಿ ಹೊರಟವನ ಹಣೆಯಲ್ಲಿ ಇಷ್ಟು ಹೊಸ ಕುಂಕುಮ ಎಲ್ಲಿಂದ ಬಂತು ಎಂದು ನೋಡುತ್ತ ಇದ್ದಾಗ ಅವನ ಮೀಸೆಯ ತುದಿಯಲ್ಲಿ ಸಕ್ಕರೆಯ ಒಂದು ಹರಳು ಕಂಡಿತು.

“ಪ್ರಸಾದ ತಗೊಂಡ್ರಾ?”

“ತಗೊಂಡೇನ್ರಿ.” ಮುಖ ಅರಳಿತು. “ನಮ್ಮ ಹುಡುಗರು ನಿನ್ನೆ ಬರ್ ದುಬೈ ಗುಡಿಗೆ ಹೋಗಿ ನನ್ನ ಹೆಸರಲೆ ಮಾಡಿಸ್ಕೊಂಡು ಬಂದಿದ್ರು. ಬಸ್ ಹತ್ತೂಮುಂದ ಕುಂಕುಮ ಹಚ್ಚಿ ಬಾಯಾಗ ಹಾಕಿದ್ರು. ಪೇಢೆ.”

“ಎಷ್ಟು?”

“ಎರಡೋ ಮೂರೋ. ಅದು ತಿನ್ನೂದು ಅಲ್ಲಲ್ರಿ ಅಕ್ಕಾರ, ಪ್ರಸಾದ.”

ನಾನು ನರ್ಸಿಗೆ ಹೇಳಿದೆ. ಹೇಳದೆ ಇರುವಂತಿರಲಿಲ್ಲ. ಹೊಟ್ಟೆಯಲ್ಲಿ ಏನಾದರೂ ಇದ್ದು ಅರಿವು ತಪ್ಪಿಸಿದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅವಳು “ಅಯ್ಯೋ ಚೇಚೀ, ಅಯ್ಯೋ ಅಕ್ಕ” ಎಂದು ಹತ್ತಿಯನ್ನು ಬುಟ್ಟಿಗೆ ಹಾಕಿದಳು. ಅವತ್ತಿನ ಆಪರೇಷನ್ ರದ್ದಾಯಿತು.

ಹೊರಗೆ ಫೋರ್‌ಮನ್ ತಲೆಯ ಮೇಲೆ ಕೈ ಹೊತ್ತರು. “ಇವನನ್ನು ಇಲ್ಲಿಯವರೆಗೆ ತರುದು ಎಷ್ಟು ಕಷ್ಟ ಗೊತ್ತುಂಟಾ ಅಕ್ಕ? ಇನ್ನು ಬರುದಿಲ್ಲ ಇವ. ಖಲಾಸ್.”

ಅವರ ಮಾತು ಹುಸಿಯಾಗಲಿಲ್ಲ. ದೇವರೇ ಬೇಡ ಅಂದ ಎಂದು ಆತ ತೀರ್ಮಾನಿಸಿದ್ದ. ಆದರೆ ಆ ವಾರವೇ ನೋವು ಜ್ವರ ಎರಡೂ ಒಟ್ಟಿಗೆ ಬಂದು ಆಸ್ಪತ್ರೆಗೆ ಸೇರಬೇಕಾಯಿತು. ಇನ್ನು ಮುಂದೆ ಹಾಕುವಂತಿಲ್ಲ ಎಂದರು ಸರ್ಜನ್. ಡಾಕ್ಟರು ನನಗೆ ಫೋನ್ ಮಾಡಿಸಿದರು.

ವಾರ್ಡಿನಲ್ಲಿ ಆತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕಣ್ಣಿನ ಬಿಳಿ ಹಳದಿಯಾಗಿತ್ತು. ಕುರ್ಚಿ ಎಳೆದುಕೊಂಡು ಕೂತೆ. ಬಹಳ ಹೊತ್ತಿನ ಮೇಲೆ ಆತನೇ ತಿರುಗಿದ.

“ನೀವ ಬರ್ತೀರೇನ್ರಿ?”

“ಬರ್ತೇನೆ.”

“ಕೊಳವಿ ಹಾಕಿದ ಮ್ಯಾಲೂ ಕೇಳ್ತೀರಿ?”

“ಕೇಳ್ತೇನೆ.”

“ನಾ ಒತ್ತಿದ್ರ ಅವರಿಗೆ ಹೇಳ್ತೀರಿ? ಅವರು ಮಷಿನ್ ನೋಡಿ ಇಲ್ಲ ಅಂದ್ರೂ?”

“ಹೇಳ್ತೇನೆ,” ಎಂದೆ. ಮಾತು ಕೊಟ್ಟ ಹಾಗಾಯಿತು. ನನಗೇನೂ ಅನ್ನಿಸಲಿಲ್ಲ. ಆಗಬಹುದು ಎನ್ನುವ ಹಾಗೆಯೇ ಅದನ್ನೂ ಅಂದಿದ್ದೆ.

ಮರುದಿನ ಬೆಳಿಗ್ಗೆ ಥಿಯೇಟರು. ಬಳೆ ತೆಗೆಸಿದರು, ಟೊಪ್ಪಿ, ಮಾಸ್ಕು, ದೊಗಳೆ ನೀಲಿ ಬಟ್ಟೆ. ಒಳಗೆ ಚಳಿ. ನನ್ನ ಉಸಿರಿಗೆ ಕನ್ನಡಕ ಮಂಜಾಗುತ್ತಿತ್ತು. ನರ್ಸ್ ಮಾಸ್ಕಿನ ಮೇಲಂಚಿಗೆ ಒಂದು ತುಂಡು ಟೇಪ್ ಹಾಕಿಕೊಟ್ಟಳು. “ಕೈಯ ಬ್ಯಾಂಡಿನಲ್ಲಿರುವ ಹೆಸರು ಹೇಳಿಯೇ ಕರೆಯಬೇಕು, ಚೇಚಿ. ಇಲ್ಲಿನ ನಿಯಮ ಅದು,” ಎಂದು ಇನ್ನೊಮ್ಮೆ ನೆನಪಿಸಿದಳು. ಮಂಚ ಎತ್ತರದಲ್ಲಿತ್ತು. ಎಡಗೈ ಚಾಚಿಡುವ ಹಲಗೆಯ ಪಕ್ಕ ನಾನು ಬಾಗಿ ನಿಂತು, ಮೊಣಕೈಯನ್ನು ಅದರ ಸ್ಟೀಲಿನ ಅಂಚಿಗೆ ಊರಿ, ಅವನ ಅಂಗೈಯನ್ನು ನನ್ನ ಬಲಗೈಯಲ್ಲಿ ಹಿಡಿದುಕೊಂಡೆ. ಒರಟು ಕೈ. ಉಗುರುಗಳನ್ನು ನೀಟಾಗಿ ಕತ್ತರಿಸಿಕೊಂಡಿದ್ದ.

ಹಣೆಗೆ ಪಟ್ಟಿ ಅಂಟಿಸಿದರು. ಅಂಕಿ ತೊಂಬತ್ತೇಳು. ಮೂಗು ಬಾಯಿಯ ಮೇಲೆ ಆಕ್ಸಿಜನ್ ಮಾಸ್ಕ್. ಒಂದು ಸಲ ತಾಲೀಮು ಆಯಿತು: “ಗುರುಲಿಂಗಪ್ಪ ಅವರೇ, ನನ್ನ ಮಾತು ಕೇಳಿಸುತ್ತಿದ್ದರೆ ನನ್ನ ಕೈ ಒತ್ತಿ.” ಒತ್ತಿದ, ನೋಯುವಷ್ಟು. ಡಾಕ್ಟರು ತಲೆಯ ಹತ್ತಿರ ನಿಂತು ಸಣ್ಣಗೆ ಏನೋ ಗುನುಗುತ್ತಿದ್ದರು. ಬಲಗೈಯ ನಾಳಕ್ಕೆ ಮೊದಲು ನೋವಿನ ಔಷಧ, ಆಮೇಲೆ ಹಾಲಿನ ಹಾಗೆ ಬೆಳ್ಳಗಿನ ನಿದ್ದೆಯ ಔಷಧ.

“ಉರೀತೈತ್ರಿ,” ಎಂದ ಮಾಸ್ಕಿನೊಳಗಿಂದ. “ಅಕ್ಕಾರ, ಕೈ ಬಿಡಬ್ಯಾಡ್ರಿ.”

ಬಿಡುವುದಿಲ್ಲ ಎಂದೆ. ಕೈಯ ಹಿಡಿತ ಸಡಿಲವಾಯಿತು. ಡಾಕ್ಟರು ರೆಪ್ಪೆಯ ಕೂದಲನ್ನು ಬೆರಳಿನಿಂದ ಸವರಿ ನೋಡಿದರು. ಕಣ್ಣು ಮಿಟುಕಲಿಲ್ಲ. ಅಂಕಿ ಇಳಿಯತೊಡಗಿತು, ಎಂಬತ್ತು, ಅರುವತ್ತೆಂಟು, ಐವತ್ತೈದು. ಮುಂಗೈಯ ಪಟ್ಟಿಗೆ ಗಾಳಿ ತುಂಬಿದರು. ಅಂಗೈ ನನ್ನ ಕೈಯೊಳಗೇ ಬಿಳುಚಿಕೊಂಡಿತು. ಆಮೇಲೆ ಸ್ನಾಯುವಿನ ಔಷಧ. ಎದೆ ಏರಿಳಿಯುವುದು ನಿಂತಿತು. ಡಾಕ್ಟರು ಚೀಲ ಹಿಸುಕಿ ಅವನ ಉಸಿರನ್ನು ತಾವೇ ಆಡಿಸತೊಡಗಿದರು.

“ಕೇಳಿ,” ಎಂದರು. ಕೇಳಿದೆ. ಏನೂ ಇಲ್ಲ. ಅಂಕಿ ನಲವತ್ತಾರು.

ಮಾಸ್ಕ್ ತೆಗೆದರು. ಕಣ್ಣುಗಳ ಮೇಲೆ ಟೇಪ್. ಬೆಳಕಿರುವ ಬಾಗಿದ ಉಕ್ಕಿನ ಅಲಗನ್ನು ಬಾಯಿಯೊಳಗೆ ಇಳಿಸಿ ನಾಲಿಗೆಯನ್ನು ಪಕ್ಕಕ್ಕೆ ಸರಿಸಿ ಮೇಲಕ್ಕೆತ್ತಿದರು. ಆ ಎತ್ತುವುದರಲ್ಲಿ ಎಷ್ಟು ಬಲ ಬೇಕು ಎಂದು ನನಗೆ ಗೊತ್ತಿರಲಿಲ್ಲ. ಡಾಕ್ಟರರ ಮೊಣಕೈ ನಡುಗಿತು. ಕೊಳವೆ ಒಳಗೆ ಹೋಯಿತು. ಪರದೆಯಲ್ಲಿ ಉಸಿರಿನ ಗೆರೆ ದಿಬ್ಬ ದಿಬ್ಬವಾಗಿ ಮೂಡಿತು. ಹೃದಯದ ಸದ್ದು ಚುರುಕಾಯಿತು. ಕೊಳವೆ ಹಾಕುವಾಗ ಅದು ಇದ್ದದ್ದೇ ಎಂದು ಮೊದಲೇ ಹೇಳಿದ್ದರು.

“ಈಗ ಕೇಳಿ.”

“ಗುರುಲಿಂಗಪ್ಪ ಅವರೇ, ನನ್ನ ಮಾತು ಕೇಳಿಸುತ್ತಿದ್ದರೆ ನನ್ನ ಕೈ ಒತ್ತಿ.”

ಏನೂ ಇಲ್ಲ. ಅಂಕಿ ನಲವತ್ತನಾಲ್ಕು.

“ತಮಾಮ್, ಎಲ್ಲ ಸರಿ,” ಎಂದರು ಡಾಕ್ಟರು. ನರ್ಸ್ ಕೊಳವೆಯನ್ನು ಕೆನ್ನೆಗೆ ಟೇಪಿನಿಂದ ಬಿಗಿಯತೊಡಗಿದಳು. ನನ್ನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಇನ್ನೊಂದೆರಡು ಸಲ ಕೇಳಿ, ಪಟ್ಟಿಯ ಗಾಳಿ ಬಿಟ್ಟು, ನನ್ನನ್ನು ಹೊರಗೆ ಕಳಿಸುವುದು ಎಂದು ಮಾತಾಗಿತ್ತು.

ಅವನ ಮಣಿಕಟ್ಟಿನ ಬ್ಯಾಂಡ್ ನನ್ನ ಕಣ್ಣೆದುರೇ ಇತ್ತು. ಇಂಗ್ಲಿಷಿನ ದಪ್ಪ ಅಕ್ಷರಗಳಲ್ಲಿ ಅವನ ಅಜ್ಜನ ಹೆಸರು. ನಾನು ಇಷ್ಟು ಹೊತ್ತು ಯಾರನ್ನು ಕರೆಯುತ್ತಿದ್ದೇನೆ ಎಂದು ಆಗ ಹೊಳೆಯಿತು. ಸತ್ತು ಹೋದ ಒಬ್ಬ ಮುದುಕನನ್ನು, ಬಹುವಚನದಲ್ಲಿ, ಬಹಳ ಮರ್ಯಾದೆಯಿಂದ ಕರೆಯುತ್ತಿದ್ದೆ. ಪೂರ್ತಿ ಎಚ್ಚರವಿರುವ ಮನುಷ್ಯ ಪಾಸ್‌ಪೋರ್ಟಿನ ಹೆಸರಿಗೆ ಓ ಎನ್ನುತ್ತಾನೆ, ತಾಲೀಮಿನಲ್ಲಿ ಅಂದಿದ್ದ. ಅರ್ಧ ಮುಳುಗಿದವನು ಯಾವ ಹೆಸರಿಗೆ ಅನ್ನುತ್ತಾನೆ? ನಿಯಮ ಬ್ಯಾಂಡಿನ ಹೆಸರು. ಅವನ ಅವ್ವ ಒಂದು ಸಲವೂ ಬಾಯಿಬಿಟ್ಟು ಹೇಳದ ಹೆಸರು.

ನಾನು ಬಾಗಿ ಅವನ ಕಿವಿಯ ಹತ್ತಿರ ಹೋದೆ.

“ಮುತ್ಯಾ. ಏ ಮುತ್ಯಾ. ಕೈ ಹಿಚಕಪಾ.”

ನರ್ಸ್ ತಲೆಯೆತ್ತಿ ನನ್ನನ್ನು ನೋಡಿದಳು.

ಕೈಯಲ್ಲಿ ಏನೋ ಆಯಿತು. ಆದರೆ ಅಷ್ಟು ಹೊತ್ತಿಗೆ, ಸ್ಟೀಲಿನ ಅಂಚಿಗೆ ಊರಿದ್ದ ಮೊಣಕೈಯಿಂದ ಕೆಳಗೆ ನನ್ನ ಕೈಗೇ ಜೋಮು ಹಿಡಿದಿತ್ತು. ಕಿರುಬೆರಳು, ಅದರ ಪಕ್ಕದ ಬೆರಳು ನನ್ನವೇ ಅಲ್ಲ. ಎರಡು ಕೈಗಳು ಒಂದರೊಳಗೊಂದು ಇದ್ದವು, ಒಂದು ಬಿಳುಚಿದ್ದು, ಒಂದು ಮರಗಟ್ಟಿದ್ದು. ಅದರಲ್ಲಿ ಅಲುಗಿದ್ದು ಯಾವುದು? ಅವನು ಒತ್ತಿದನೋ, ನಾನೇ ಒತ್ತಿದೆನೋ? ಅಂಕಿ ನೋಡಿದೆ. ನಲವತ್ತಮೂರು.

ಇಲ್ಲದ್ದನ್ನು ಇದೆ ಎಂದರೆ ಬೇಡದ ಔಷಧ ಒಳಗೆ ಹೋಗುತ್ತದೆ. ಹೆಚ್ಚಾದರೆ ರಕ್ತದೊತ್ತಡ ಕುಸಿಯುತ್ತದೆ, ಅದೂ ಅಪಾಯ ಎಂದು ಡಾಕ್ಟರು ಹೇಳಿದ್ದರು. ಇದ್ದದ್ದನ್ನು ಇಲ್ಲ ಎಂದರೆ ಆತ ಮತ್ತೆ ಅದೇ ಜಾಗದಲ್ಲಿ ಮಲಗಿರುತ್ತಾನೆ, ಒದರುತ್ತ, ದನಿಯಿಲ್ಲದೆ. ಎಲ್ಲರೂ ಪರದೆಯ ಕಡೆ ನೋಡುತ್ತಿದ್ದರು. ಸುಮ್ಮನಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಸುಮ್ಮನಿರುವುದು ಆ ತಿಂಗಳುಗಳಲ್ಲಿ ನನಗೆ ಬಹಳ ಸುಲಭವಾಗಿತ್ತು.

ನಾ ಒತ್ತಿದ್ರ ಅವರಿಗೆ ಹೇಳ್ತೀರಿ? ಎಂದು ಕೇಳಿದ್ದ.

“ಡಾಕ್ಟರ್,” ಎಂದೆ, “ಅವನು ಒತ್ತಿದ ಅಂತ ಕಾಣುತ್ತದೆ. ನನಗೆ ಖಚಿತವಿಲ್ಲ. ನನ್ನ ಕೈಗೆ ಸ್ಪರ್ಶವೇ ಇಲ್ಲ.”

ಗುನುಗು ನಿಂತಿತು. ಅವರು ನಗಲಿಲ್ಲ, ಅಂಕಿಯನ್ನೂ ತೋರಿಸಲಿಲ್ಲ. ಚೀಲವನ್ನು ಇನ್ನೊಬ್ಬರ ಕೈಗೆ ಕೊಟ್ಟು ಈ ಕಡೆ ಬಂದು, ನನ್ನ ಕೈಯೊಳಗಿಂದ ಅವನ ಕೈಯನ್ನು ತಾವು ತೆಗೆದುಕೊಂಡರು.

“ಇನ್ನೊಮ್ಮೆ ಕರೆಯಿರಿ. ಈಗ ಕರೆದ ಹಾಗೆಯೇ.”

“ಮುತ್ಯಾ, ಕೈ ಹಿಚಕಪಾ.”

ಈ ಸಲ ನನಗೆ ಕಣ್ಣಿಗೇ ಕಂಡಿತು. ಬಿಳುಚಿದ ಬೆರಳುಗಳು ಡಾಕ್ಟರರ ಹೆಬ್ಬೆರಳಿನ ಸುತ್ತ ನಿಧಾನವಾಗಿ ಮುಚ್ಚಿಕೊಂಡವು. ಹಾಗೇ ಹಿಡಿದುಕೊಂಡವು.

“ಯಲ್ಲಾ, ಬೇಗ,” ಎಂದರು ಡಾಕ್ಟರು, ಬಹಳ ಮೆತ್ತಗೆ. ನಾನು ಎರಡನೆಯ ಪ್ರಶ್ನೆಗೆ ಬಾಯಿ ತೆರೆದಿದ್ದೆ. “ಬೇಡ, ಅದಕ್ಕೆ ಕಾಯುವುದು ಬೇಡ. ಅವನಿಗೆ ನಿದ್ದೆ ಬರುತ್ತದೆ ಎಂದು ಹೇಳಿ.” ಅಷ್ಟರಲ್ಲಿ ಬಿಳಿಯ ಔಷಧದ ಸಿರಿಂಜ್ ನರ್ಸಿನ ಕೈಯಿಂದ ಅವರ ಕೈಗೆ ಬಂದಿತ್ತು.

“ಮುತ್ಯಾ, ನಿದ್ದಿ ಬರ್ತದ ಈಗ. ಔಷಧ ಹಾಕಿದಾರೆ. ನಾನು ಇಲ್ಲೇ ಇದ್ದೇನೆ. ನೀ ಒತ್ತಿದ್ದು ಗೊತ್ತಾಯ್ತು ನಮಗೆ.” ನನ್ನ ಕರಾವಳಿ ಕನ್ನಡಕ್ಕೆ ಅವನ ಊರಿನ ಕನ್ನಡ ಸೇರಿಸಿ ಏನೋ ಒಂದು ಭಾಷೆಯಾಯಿತು. ಮತ್ತೆ ಮತ್ತೆ ಅದನ್ನೇ ಹೇಳಿದೆ.

ಬೆರಳುಗಳು ಬಿಚ್ಚಿಕೊಂಡವು. ಅಂಕಿ ಆಮೇಲೆ ಇಳಿಯಿತು, ಮೂವತ್ತೆಂಟಕ್ಕೆ. ಹಿಂದಿನ ಸುದ್ದಿ. ಡಾಕ್ಟರು ರಕ್ತದೊತ್ತಡಕ್ಕೆ ಇನ್ನೇನೋ ಕೊಟ್ಟರು. ಮತ್ತೆ ಕರೆಸಿದರು, ಮತ್ತೆ. ಮುತ್ಯಾ ಓಗೊಡಲಿಲ್ಲ. ಪಟ್ಟಿಯ ಗಾಳಿ ಬಿಟ್ಟಾಗ ಮುಂಗೈಯಲ್ಲಿ ಅದರ ಅಚ್ಚು ಉಳಿದಿತ್ತು. ಅಂಗೈ ಮೊದಲು ಕಲೆಕಲೆಯಾಗಿ, ಆಮೇಲೆ ಪೂರ್ತಿ ಕೆಂಪಾಯಿತು.

“ಖಚಿತವಿಲ್ಲ ಎಂದು ಹೇಳಿದಿರಲ್ಲ, ಅದು ಒಳ್ಳೆಯದಾಯಿತು,” ಎಂದರು ಡಾಕ್ಟರು ನನ್ನ ಕಡೆ ನೋಡದೆ. “ಖಚಿತ ಎಂದಿದ್ದರೆ ನಾನು ಅನುಮಾನಿಸುತ್ತಿದ್ದೆ.”

ಹೊರಗೆ ಬಂದು ಬಳೆ ಹಾಕಿಕೊಂಡೆ. ಫೋರ್‌ಮನ್ ಕರಕ್ ಚಹಾ ತಂದುಕೊಟ್ಟರು. ಕೈಗೆ ಸೂಜಿ ಚುಚ್ಚಿದ ಹಾಗೆ ಜೀವ ಬರುತ್ತಿತ್ತು. ಲೋಟ ಎಡಗೈಗೆ ಬದಲಾಯಿಸಿದೆ.

“ಎಂತ ಆಯ್ತು ಅಕ್ಕ? ಒತ್ತಿದನಾ?”

“ಒತ್ತಿದ.”

“ಯಾ ಅಲ್ಲಾ.” ಅವರು ಕುರ್ಚಿಯಲ್ಲಿ ಕೂತುಬಿಟ್ಟರು. “ಮತ್ತೆ?”

“ಮತ್ತೆ ಮಲಗಿಸಿದರು.”

ಆಪರೇಷನ್ ಸುಸೂತ್ರವಾಯಿತು. ಆದರೆ ನಮಗೆಲ್ಲ ಬೇಕಾಗಿದ್ದ ಉತ್ತರ ಇನ್ನೂ ಬಂದಿರಲಿಲ್ಲ. ಒತ್ತಿದ್ದು, ಕೇಳಿದ್ದು, ಗಂಟಲಿನೊಳಗಿನ ಕೊಳವೆ, ಅದರಲ್ಲಿ ಎಷ್ಟು ಅವನಲ್ಲಿ ಉಳಿದಿದೆ? ಡಾಕ್ಟರು ಮರುದಿನದವರೆಗೆ ಕಾಯೋಣ ಎಂದರು. ಎಚ್ಚರವಾದ ಮಂಪರಿನಲ್ಲಿ ಕೇಳಿದರೆ ಸಾಲದಂತೆ.

ಮರುದಿನ ಆತ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದ. ಡಾಕ್ಟರು ಪಕ್ಕದಲ್ಲಿ ನಿಂತಿದ್ದರು, ಪೆನ್ನು ಜೇಬಿನಲ್ಲಿತ್ತು. ಅವರು ಹೇಳಿಕೊಟ್ಟ ಹಾಗೆಯೇ, ಯಾವ ಸುಳಿವೂ ಕೊಡದೆ, ಒಂದೊಂದಾಗಿ ಕೇಳಿದೆ. ನಿದ್ದೆಗೆ ಹೋಗುವ ಮೊದಲು ಕೊನೆಗೆ ನೆನಪಿರುವುದು ಏನು?

“ಕೈ ಉರೀತು. ನೀವು ಕೈ ಹಿಡದಿದ್ರಿ.”

ಎಚ್ಚರವಾದ ಮೇಲೆ ಮೊದಲು ನೆನಪಿರುವುದು?

“ಆ ಮಲಯಾಳಿ ನರ್ಸಬಾಯಿ, ಕೆಮ್ಮು ಕೆಮ್ಮು ಅಂತ ಒದರಾಕತ್ತಿದ್ಲು.”

ನಡುವೆ ಏನಾದರೂ?

ಆತ ಚಮಚ ಕೆಳಗಿಟ್ಟ. ಯೋಚಿಸಿದ. ಡಾಕ್ಟರಿಗೆ ಕನ್ನಡ ಬಾರದಿದ್ದರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

“ನಮ್ಮವ್ವ ಕರದಂಗಾತ್ರಿ. ಮುತ್ಯಾ ಅಂತ. ಮುಂಜಾನಿ ಸಾಲಿಗೆ ಎಬ್ಬಸ್ತಿದ್ಲಲ್ಲ, ಹಂಗ. ಏಳಬೇಕು ಅಂದ್ನಿ. ಅಷ್ಟರಾಗ ಆಕಿನ ಅಂದ್ಲು, ಮಲ್ಕೊ ಅಂತ. ಮಲ್ಕೊಂಡ್ನಿ.”

“ನೋವು? ಕೊಳವೆ? ಯಾರಾದರೂ ಮಾತಾಡಿದ್ದು?”

“ಇಲ್ರಿ. ಅಷ್ಟ.” ಚಮಚ ಮತ್ತೆ ಎತ್ತಿಕೊಂಡು ಕೇಳಿದ, “ಕೊಳವಿ ಹಾಕಿದ್ರೇನ್ರಿ ಖರೇನ?”

ಡಾಕ್ಟರಿಗೆ ದಾಟಿಸಿದೆ. ಅವರು ಜೇಬಿನ ಪೆನ್ನನ್ನು ಮುಟ್ಟಿ ನೋಡಿಕೊಂಡು, ಅವನ ಎಡಗೈಯನ್ನು ಒಮ್ಮೆ ಒತ್ತಿ, ಬೇರೇನೂ ಹೇಳದೆ ಮುಂದಿನ ಹಾಸಿಗೆಗೆ ಹೋದರು.

ನಾನು ಬ್ಯಾಗ್ ತೆಗೆದುಕೊಂಡು ಎದ್ದೆ. ನೀನು ಒತ್ತಿದೆ, ನಾವು ಹೇಳಿದೆವು, ಇನ್ನಷ್ಟು ಔಷಧ ಹಾಕಿದೆವು ಎಂದೆಲ್ಲ ಆತನಿಗೆ ತಿಳಿಸುವ ಕೆಲಸ ಸಂಜೆ ಡಾಕ್ಟರರದು, ಆಗ ಮತ್ತೆ ಬರಬೇಕಿತ್ತು. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕರೆದ.

“ಅಕ್ಕಾರ, ಎಲ್ಲಾರೂ ನಿಮಗ ಮೇಡಂ ಮೇಡಂ ಅಂತಾರ. ಮನ್ಯಾಗ ಏನಂತ ಕರೀತಾರ್ರಿ?”

ಯಾರೂ ಕರೆಯುವುದಿಲ್ಲ ಎಂದು ಹೇಳಬಹುದಿತ್ತು. ನನ್ನ ಪಾಸ್‌ಪೋರ್ಟಿನ ಹೆಸರು ಹೇಳಿ ಹೊರಡಬಹುದಿತ್ತು. ನನಗೆ ಐವತ್ತು ದಾಟಿದೆ, ಕಿವಿಯ ಹತ್ತಿರದ ಕೂದಲೆಲ್ಲ ಬೆಳ್ಳಗಾಗಿದೆ.

“ಬೇಬಿ,” ಎಂದೆ.

ಆತ ನನ್ನನ್ನು ನೋಡಿದ. ತುಟಿ ಬಿಗಿಹಿಡಿದ. ಆಗಲಿಲ್ಲ. “ನಾ ಮುತ್ಯಾ, ನೀವು ಬೇಬಿ!” ಎಂದು ನಕ್ಕವನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡ. “ಅಯ್ಯಯ್ಯೋ, ನಗಸಬ್ಯಾಡ್ರಿ ಬೇಬಕ್ಕಾರ, ಹೊಲಿಗಿ ಹರೀತಾವ!”

ಅವನ ನೋವು ಇಳಿದು ನಗು ನಿಲ್ಲುವವರೆಗೂ ಬಾಗಿಲ ಚೌಕಟ್ಟಿಗೆ ಕೈಯೂರಿ ಅಲ್ಲೇ ನಿಂತಿದ್ದೆ. ಕೈಗೆ ಮರ ತಣ್ಣಗೆ ತಾಗುತ್ತಿತ್ತು.